ದೊಡ್ಡವ್ವನ ಗೂಟ

ನಮ್ಮ ದೊಡ್ಡವ್ವ ಡಿಬಗ್ಗರ್ ಆಗಿದ್ದಳು! ಅದೂ ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ, ಮಸ್ಕಿಯ ಕರೆಂಟಿಲ್ಲದ ಮನೆಯಲ್ಲಿ! ನಗಬೇಡಿ. ಮೊನ್ನೆ ಡಿಪ್ಲೊಮಾ ಓದುವ ಮೊಮ್ಮಗಳು ಅದರ ಪಾಠ ಹೇಳುವವರೆಗೆ ನನಗೂ ಗೊತ್ತಿರಲಿಲ್ಲ. ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿ ತಪ್ಪೆಲ್ಲಿದೆ ಎಂದು ಒಂದೊಂದೇ ಸಾಲು ನಡೆದು ನೋಡುವುದು ಡಿಬಗ್ಗರಿನ ಕೆಲಸವಂತೆ. ನಡುವೆ ಪ್ರೋಗ್ರಾಮು ಇದ್ದಕ್ಕಿದ್ದಂತೆ ಬೇರೆ ಕಡೆ ಹಾರುತ್ತದೆ. ಅದು ಹೊರಳಿ ಬರುತ್ತದೋ, ಹೋದದ್ದು ಹೋಯಿತೋ? ಗೊತ್ತಾಗುವುದು ಹೇಗೆ?

"ಫಂಕ್ಷನ್ ಅಂದ್ರ ಬ್ಯಾರೆ ಕಡೆ ಬರದಿಟ್ಟ ಸಣ್ಣ ಕೆಲಸ. ಅದನ್ನ ಕರಿಯಾಕ ಹೊಂಟಿದ್ರ, ವಾಪಸ್ ಬರೋ ಜಾಗದ ಗುರುತು ಇಟ್ಟು ಹೋಗ್ತದ ಅಜ್ಜಿ. ಡಿಬಗ್ಗರ್ ಅದನ್ನ ನೋಡ್ತದ. ಬೇಕಂದ್ರ ಬೆನ್ನು ಹತ್ತಿ ಒಳಗ ಹೋಗ್ತದ, ಬ್ಯಾಡಂದ್ರ ಗುರುತಿನ ಹತ್ರ ಕಾಯ್ತಾ ಕುಂದರ್ತದ."

"ಅಯ್ಯ, ಇದು ನಮ್ಮ ದೊಡ್ಡವ್ವನ ಗೂಟ!" ಎಂದೆ.

ತಾಯಿ ಇಲ್ಲದ ನನ್ನನ್ನು ಸಾಕಿದವಳು ಈ ದೊಡ್ಡವ್ವ. ಅವಳ ಪಡಸಾಲೆಯ ಗೋಡೆಗೆ ಒಂದೇ ಗೂಟ. ಕೆಲಸದ ನಡುವೆ ಎದ್ದು ಹೋಗುವವರು ತಮ್ಮದೇನಾದರೂ ಅದಕ್ಕೆ ಹಾಕಿ ಹೋಗಬೇಕು. "ಬರ್ತೀನಿ" ಎಂದರೆ ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಬಾಯಿಲೆ ಎಲ್ಲಾರೂ ಬರ್ತಾರ. ಗೂಟಕ್ಕೇನು ಹಾಕೀದಿ, ಅದನ್ನ ಹೇಳು!" ಹಾಕಿದವರಿಗಾಗಿ ಕೆಲಸ ನಿಲ್ಲಿಸಿ ಕಾಯುತ್ತಿದ್ದಳು. ಹಾಕದವರ ಪಾಲಿನ ರೊಟ್ಟಿ ನಾಯಿಗೆ!

ಒಮ್ಮೆ ಎಲ್ಲರೂ ಶೇಂಗಾ ಸುಲಿಯುವಾಗ ದೊಡ್ಡಪ್ಪ ರುಮಾಲು ಹಾಕಿ ಬೀಡಿಗೆ ಹೋದ. ಅವನನ್ನು ಕರೆಯಲು ಕಾಕಾ ಅದರ ಮೇಲೆ ಟವೆಲ್ ಹಾಕಿ ಹೋದ. ದೊಡ್ಡಪ್ಪ ಒಬ್ಬನೇ ಬಂದು ರುಮಾಲಿಗೆ ಕೈ ಹಾಕಿದ.

"ಮುಟ್ಟಬ್ಯಾಡ್ರಿ! ಮ್ಯಾಲಿಂದು ಇಳೀದನ ಕೆಳಗಿಂದು ಹ್ಯಾಂಗ ಇಳೀತದ? ನಿಮ್ಮನ್ನ ಕರಿಯಾಕ ಹೋದಾವ ಎಲ್ಲಿ?"

"ನನಗೇನು ಗೊತ್ತು? ಬಿಸಲಿಗೆ ತಲಿ ಸುಡಾಕತ್ತೈತಿ, ಕೊಡು!"

"ಮೊದಲ ಅವನ್ನ ಕರಕೊಂಡು ಬರ್ರಿ."

ಪಾಪ, ದೊಡ್ಡಪ್ಪ ಮತ್ತೆ ಹೊರಟ. ಅಷ್ಟಕ್ಕೇ ಬಿಟ್ಟಳೇ? ಅಂಗಿ ಬಿಚ್ಚಿಸಿ ಟವೆಲಿನ ಮೇಲೆ ಹಾಕಿಸಿದಳು!

ಕೆಲವೊಮ್ಮೆ ಕಾಯುವ ತಾಳ್ಮೆ ಇರುತ್ತಿರಲಿಲ್ಲ. ಆಗ ಬೆನ್ನು ಹತ್ತುತ್ತಿದ್ದಳು. ಕಾಕಾ ಭತ್ತದ ಬೀಜಕ್ಕೆಂದು ಸಿಂಧನೂರಿಗೆ ಹೊರಟರೆ ತಾನೂ ಬಸ್ ಹತ್ತಿದಳು. ಅಂಗಡಿಯವನು ಅವರನ್ನು ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿಗೆ ಕಳಿಸಿದ. ಕ್ಯಾಂಪಿನ ಬಂಗಾಳಿ ಮುದುಕಿ, ಗದ್ದೆಯಲ್ಲಿದ್ದ ಮಗನ ಹತ್ತಿರ ಕಳಿಸಿದಳು. ದೊಡ್ಡವ್ವ ಅಂಗಡಿಯಲ್ಲಿ ಚೀಲ ಬಿಟ್ಟಳು, ಮುದುಕಿಯ ಅಂಗಳದಲ್ಲಿ ಚಪ್ಪಲಿ ಬಿಟ್ಟಳು. ಬರುವಾಗ ಮೊದಲು ಚಪ್ಪಲಿ, ಆಮೇಲೆ ಚೀಲ, ಒಂದನ್ನೂ ಬಿಡದೆ ಎತ್ತಿಕೊಂಡು ಮಸ್ಕಿಗೆ ಬಂದಿಳಿದಳು. ಮರೆತು ಬಂದದ್ದು ಬೀಜ ಒಂದನ್ನೇ!

ನನ್ನನ್ನು ಮುದಗಲ್ಲಿಗೆ ಕೊಟ್ಟರು. ಗಂಡನ ಮನೆಗೆ ಹೊರಟ ದಿನ ಬಸ್ಸಿನ ಗಡಿಬಿಡಿ. ಲಿಂಗಸುಗೂರು ದಾಟಿದ ಮೇಲೆ ನೆನಪಾಯಿತು. ಗೂಟಕ್ಕೆ ನಾನೇನೂ ಹಾಕಿ ಬಂದಿರಲಿಲ್ಲ! "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಎಂದು ಬೀಗರ ಕಡೆಯ ಹೆಂಗಸೊಬ್ಬಳು ಆಗಲೇ ಅಂದಿದ್ದಳು. ಈಗ ದೊಡ್ಡವ್ವನ ಕಾನೂನಿನಲ್ಲೂ ನಾನು ಹೋದವಳೇ, ಹೊರಳಿ ಬರುವವಳಲ್ಲ. ತಾಯಿ ಇಲ್ಲದವಳಿಗೆ ಆ ಮನೆ ಬಿಟ್ಟರೆ ಇನ್ಯಾವ ತವರು? ಗಂಡನಿಗೆ ಕಾಣದಂತೆ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ.

ಪಂಚಮಿಗೆ ಬಂದಾಗ ಗೂಟ ಬರಿದಾಗಿತ್ತು. ಒಳಗೆ ಕಾಲಿಡಲು ಧೈರ್ಯವಾಗದೆ ಹೊಸ್ತಿಲಲ್ಲೇ ನಿಂತೆ.

"ದೊಡ್ಡವ್ವ, ನಾ ಗೂಟಕ್ಕ ಏನೂ ಹಾಕಿ ಹೋಗಿದ್ದಿಲ್ಲ."

ಅವಳು ಒಳಗಿನಿಂದ ಒಂದು ಕೌದಿ ತಂದು ಹಾಸಿದಳು. ಮದುವೆಗೆ ಮುಂಚೆ ನಾವಿಬ್ಬರೂ ಎದುರುಬದುರು ಕೂತು, ಹಳೆ ಸೀರೆಯ ತುಂಡು ಸೇರಿಸಿ ಹೊಲಿಯುತ್ತಿದ್ದ ಕೌದಿ ಅದು. ನಾನು ಚುಚ್ಚಿಟ್ಟಿದ್ದ ಸೂಜಿ, ದಾರದ ಸಮೇತ, ಚುಚ್ಚಿದ ಜಾಗದಲ್ಲೇ ಇತ್ತು. ಅವಳ ಬದಿಯ ಹೊಲಿಗೆಯೂ ಅಂದಿನಿಂದ ಒಂದಿಷ್ಟೂ ಮುಂದೆ ಹೋಗಿರಲಿಲ್ಲ.

"ಸೂಜಿ ಬಿಟ್ಟು ಹೋಗಿದ್ದಿಯಲ್ಲ, ಹುಚ್ಚಿ" ಎಂದಳು, ಸರಿದು ಜಾಗ ಮಾಡಿಕೊಡುತ್ತಾ. "ಕುಂದ್ರು. ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಹೊಲಿ."