ಹಾರ್ಮೋನ್ ಅಕ್ಕನ ಹಚ್ಚೆ

ಈ ಕತೆಯಲ್ಲಿ ಒಂದಕ್ಷರ ಸುಳ್ಳಿದ್ದರೆ, ನಾಳೆ ನಾನು ಹೊರಗಿಟ್ಟ ಕಸದ ಚೀಲವನ್ನು ಕೆಳಮನೆಯ ಅಜ್ಜಿ ಚೀಟಿ ಅಂಟಿಸಿ ನನ್ನ ಬಾಗಿಲಿಗೇ ವಾಪಸು ತಂದಿಡಲಿ. ಜಪಾನಿನ ಈ ಇಚಿಕಾವಾದಲ್ಲಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಶಾಪವಿಲ್ಲ. ಮನೆದೇವರ ಮೇಲಿಟ್ಟ ಆಣೆ ತಪ್ಪಿದರೆ ತಪ್ಪುಕಾಣಿಕೆ ಹಾಕಿ ಪಾರಾಗಬಹುದು, ಕಸ ವಿಂಗಡಿಸುವುದು ತಪ್ಪಿದರೆ ಪಾರಾಗಲು ದಾರಿಯೇ ಇಲ್ಲ. ಹೆಂಗಸರ ಸ್ನಾನದ ಮನೆಯೊಳಗೆ ನಡೆದದ್ದು ನಿಮಗೆ ಹೇಗೆ ಗೊತ್ತಾಯಿತು ಎಂದು ಮಾತ್ರ ನಡುವೆ ಕೇಳಬಾರದು. ಹಬೆಗೆ ಕಣ್ಣಿಲ್ಲದಿದ್ದರೂ ಬಾಯಿದೆ. ಕೂತುಕೊಳ್ಳಿ, ಟೀ ಆರುವುದರೊಳಗೆ ಮುಗಿಸುತ್ತೇನೆ.

ಎಲ್ಲಕ್ಕೂ ಕಾರಣ ಅಂಚೆಚೀಟಿಯಷ್ಟಗಲದ ಒಂದು ಪ್ಯಾಚು.

ಅದು ಅಂಟಿಕೊಂಡಿದ್ದದ್ದು ಪಾರ್ವತಿಯ ಸೊಂಟದ ಹಿಂಬದಿಗೆ. ಪಾರ್ವತಿಗೆ ಐವತ್ತೆರಡು ವರ್ಷ. ಗಂಡ ಸಿದ್ದಪ್ಪನನ್ನು ಮೈಸೂರಿನ ಕಂಪನಿ ಎರಡು ವರ್ಷಕ್ಕೆಂದು ಜಪಾನಿಗೆ ಕಳಿಸಿತ್ತು. ಇಪ್ಪತ್ತು ವರ್ಷವಾದರೂ ಅವನನ್ನು ವಾಪಸು ಕರೆಸಬೇಕೆಂದು ಅದಕ್ಕೆ ನೆನಪಾಗಿಲ್ಲ. ಇಚಿಕಾವಾದ ಕನ್ನಡದ ಹೆಂಗಸರು ಪಾರ್ವತಿಯನ್ನು ಕರೆಯುವುದು ಹಾರ್ಮೋನ್ ಅಕ್ಕ ಎಂದು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈಯೊಳಗಿಂದ ಜಳ ಏಳುತ್ತದಲ್ಲ, ನಡುಚಳಿಗಾಲದಲ್ಲಿ ಕಿಟಕಿ ತೆರೆಯಬೇಕೆನಿಸುತ್ತದಲ್ಲ, ಗಂಡ ಉಸಿರಾಡಿದ ಶಬ್ದಕ್ಕೇ ಕೋಪ ಬರುತ್ತದಲ್ಲ, ಅದೆಲ್ಲಕ್ಕೂ ಅವಳ ಬಳಿ ಒಂದು ಉಂಡೆಯಿತ್ತು. ಅಗಸೆ ಬೀಜ, ಕರಿ ಎಳ್ಳು, ಬೆಲ್ಲ, ಮತ್ತು ಇಲ್ಲಿ ಕಿನಾಕೊ ಎಂದು ಸಿಗುವ ಹುರಿದ ಸೋಯಾ ಹಿಟ್ಟು. "ಪ್ರಕೃತಿ ಕಿತ್ಕೊಂಡಿದ್ದನ್ನ ಪ್ರಕೃತಿನೇ ವಾಪಸ್ ಕೊಡುತ್ತೆ. ಡಾಕ್ಟರ್ ಕೊಡೋ ಹಾರ್ಮೋನ್ ಕೆಮಿಕಲ್ಲು, ಉಂಡೇಲಿರೋದು ತಾಯಿಯ ಕೈತುತ್ತು" ಎಂದು 'ಸಹಜ ಸಖಿ' ಎಂಬ ವಾಟ್ಸಾಪ್ ಗುಂಪಿನಲ್ಲಿ ಅವಳು ದಿನಾ ಬೆಳಿಗ್ಗೆ ಆರಕ್ಕೆ ಬರೆಯುತ್ತಿದ್ದಳು. ಕೆಳಗೆ ನಲವತ್ತು ಜನ ಕೈ ಮುಗಿಯುತ್ತಿದ್ದರು.

ಉಂಡೆ ಬಹಳ ರುಚಿ. ಜಳ ಅದನ್ನು ತಿಂದು ಇನ್ನೊಂದು ಕೇಳುತ್ತಿತ್ತು, ಅಷ್ಟೇ. ಕಳೆದ ವರ್ಷ ಜನವರಿಯಲ್ಲಿ ತುಂಬಿದ ರೈಲಿನೊಳಗೆ ಪಾರ್ವತಿ ಕೋಟು ಕಳಚಿ, ಪಕ್ಕದ ಮುದುಕರ ಕೈಯಿಂದ ಪೇಪರು ಕಸಿದು ಗಾಳಿ ಬೀಸಿಕೊಂಡಳು. ಮುದುಕರು ತಾವೇ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದರು. ಮಾರನೆಯ ದಿನವೇ ಅವಳು ಯಾರಿಗೂ ಹೇಳದೆ ಮೂರು ಸ್ಟೇಷನ್ ಆಚೆಯ ಕ್ಲಿನಿಕ್ಕಿಗೆ ಹೋದಳು. ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿ ಚರ್ಮಕ್ಕೆ ಅಂಟಿಸಿಕೊಳ್ಳುವ ಹಾರ್ಮೋನ್ ಪ್ಯಾಚು ಬರೆದುಕೊಟ್ಟರು. ಎರಡು ದಿನಕ್ಕೊಂದು. ಒಂದೆರಡು ತಿಂಗಳಲ್ಲಿ ಜಳ ಹೋಯಿತು, ನಿದ್ದೆ ಬಂತು, ಸಿದ್ದಪ್ಪ ಉಸಿರಾಡಬಹುದು ಎಂಬಂತಾಯಿತು.

"ಏನ್ ಕಳೆ ಬಂದಿದೆ ಅಕ್ಕಂಗೆ! ಉಂಡೆ ನೋಡ್ರೀ ಉಂಡೆ!" ಎಂದರು ಸಖಿಯರು.

ಪಾರ್ವತಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ದೊಡ್ಡವರು ಹೀಗೆಯೇ ದೊಡ್ಡವರಾಗುವುದು.

ಈ ಮಾರ್ಚಿನ ಒಂದು ಶನಿವಾರ ಸಖಿಯರು ಅವಳಿಗೆ ಸನ್ಮಾನ ಇಟ್ಟುಕೊಂಡರು. ಏರ್ಪಾಡು ಮೇಲಿನ ಮನೆಯ ಕೋಕಿಲಾಳದು. ಅವಳಿಗೆ ಗೊತ್ತಾದದ್ದು ಇಚಿಕಾವಾಕ್ಕೆಲ್ಲ ಗೊತ್ತಾಗಲು ಲಿಫ್ಟು ಕೆಳಗಿಳಿಯುವಷ್ಟು ಹೊತ್ತು ಸಾಕು. ಊರಂಚಿನ ಬಿಸಿನೀರ ಸ್ನಾನಗೃಹದಲ್ಲಿ ಮೊದಲು ಸ್ನಾನ, ಆಮೇಲೆ ಅಲ್ಲಿಯ ಹಾಲಿನಲ್ಲಿ ಊಟ, ಕೊನೆಗೆ ಶಾಲು. ಹೊರಟವರು ನಾಲ್ವರು: ಪಾರ್ವತಿ, ಕೋಕಿಲಾ, ಬ್ಯಾಂಕಿನಲ್ಲಿ ಕೆಲಸ ಮಾಡುವ ಜಾಹ್ನವಿ, ಮತ್ತು ಎಲ್ಲರಿಗಿಂತ ಹಿರಿಯರಾದ ವಿಶಾಲಾಕ್ಷಮ್ಮ. ಕಾರು ಓಡಿಸಿದವನು ಸಿದ್ದಪ್ಪ. ಅವನಿಗೆ ಜೀವನದಲ್ಲಿ ಇದ್ದ ಸುಖ ಒಂದೇ, ಬಿಸಿನೀರು. ಪ್ರತಿ ಊರಿನ ಬಿಸಿನೀರ ಬುಗ್ಗೆಗೂ ಹೋಗಿ ಕುತ್ತಿಗೆವರೆಗೆ ಮುಳುಗಿ, ಹೊರಬಂದು ಒಂದು ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಳ್ಳುತ್ತಿದ್ದ. ನೂರು ಮುದ್ರೆಯ ಪುಸ್ತಕದಲ್ಲಿ ಈ ಸ್ನಾನಗೃಹದ್ದೂ ಸೇರಿ ತೊಂಬತ್ಮೂರು ತುಂಬಿದ್ದವು. "ಇನ್ನೇಳು ಆಗ್ಲಿ, ಆಮೇಲೆ ಯಮ ಬಂದ್ರೂ ಬರಲಿ" ಎನ್ನುತ್ತಿದ್ದ.

ಬಾಗಿಲಲ್ಲೇ ದೊಡ್ಡ ಬೋರ್ಡು. ಹಚ್ಚೆ ಹಾಕಿಸಿಕೊಂಡವರು ನೀರಿಗಿಳಿಯುವಂತಿಲ್ಲ. ಈ ದೇಶದಲ್ಲಿ ಹಚ್ಚೆಯೆಂದರೆ ರೌಡಿಗಳ ಗುರುತು ಎಂದು ಹಿಂದಿನಿಂದ ಬಂದ ಭಯ. ಪಾರ್ವತಿ ಬೋರ್ಡನ್ನು ಓದಿಯೂ ಓದದಂತೆ ದಾಟಿದಳು. ಅದು ಅವಳಿಗೆ ಸಂಬಂಧಪಟ್ಟದ್ದಲ್ಲವಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳಿಗೆ ಪ್ಯಾಚಿನ ನೆನಪಾಯಿತು. ಬೆಳಿಗ್ಗೆಯಷ್ಟೇ ಅಂಟಿಸಿದ್ದು, ಅದೂ ಮನೆಯಲ್ಲಿದ್ದ ಕೊನೆಯದು. ಕಿತ್ತರೆ ರೈಲಿನ ಮುದುಕರು ಕಣ್ಣ ಮುಂದೆ ಬರುತ್ತಾರೆ. ಟವೆಲ್ಲಿದೆಯಲ್ಲ, ಮುಚ್ಚಿಕೊಂಡರಾಯಿತು ಎಂದುಕೊಂಡಳು. ಆದರೆ ಆ ನೀರಿಗೆ ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ, ಕೊಡುವ ಟವೆಲ್ಲು ದೋಸೆಯಷ್ಟಗಲ. ಅದರಲ್ಲಿ ಏನನ್ನು ಮುಚ್ಚಬೇಕು, ಏನನ್ನು ದೇವರಿಗೆ ಬಿಡಬೇಕು ಎಂಬುದೇ ಒಂದು ಧರ್ಮಸಂಕಟ.

ಉಳಿದವರ ಸಂಕಟವೂ ಕಡಿಮೆಯಿರಲಿಲ್ಲ. ವಿಶಾಲಾಕ್ಷಮ್ಮ ಬೆನ್ನನ್ನು ಗೋಡೆಗೆ ಹಚ್ಚಿ ಹಲ್ಲಿಯಂತೆ ಅಡ್ಡಡ್ಡ ನಡೆದರು. ಜಾಹ್ನವಿ ನೀರು ತುಂಬುವ ಬೋಗುಣಿಯನ್ನು ಕೊಡದ ಹಾಗೆ ಸೊಂಟಕ್ಕೆ ಒತ್ತಿಕೊಂಡವಳು ಕೆಳಗಿಳಿಸಲೇ ಇಲ್ಲ. ಕೋಕಿಲಾ ಎಲ್ಲರಿಗಿಂತ ಮೊದಲು ಓಡಿಹೋಗಿ ಕತ್ತಿನವರೆಗೆ ಮುಳುಗಿ, ಬೀಟ್‌ರೂಟಿನಂತೆ ಕೆಂಪಾದರೂ ಮೇಲೇಳಲಿಲ್ಲ. ಎಷ್ಟು ಮರ್ಯಾದಸ್ಥರು ಎಂದು ಪಾರ್ವತಿಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ ಟವೆಲ್ಲು ಜಾರಿತು.

ಅಲ್ಲಿ ಕೆಲಸಕ್ಕಿದ್ದ ಮೊರಿತಾ-ಸಾನ್ ಎಂಬ ಹೆಂಗಸು ಎಲ್ಲಿದ್ದಳೋ, ಹಬೆಯೊಳಗಿಂದ ಎದ್ದು ಬಂದಳು. ಪಾರ್ವತಿಯ ಸೊಂಟ ನೋಡಿದಳು. ಎರಡು ಕೈಗಳನ್ನು ಎದೆಯ ಮುಂದೆ ಕತ್ತರಿಯಂತೆ ಅಡ್ಡ ಹಿಡಿದು, ಆಗದು ಎಂದು ಸನ್ನೆ ಮಾಡಿ, ಬಗ್ಗಿ ನಮಸ್ಕರಿಸಿ, ಬಹಳ ಮರ್ಯಾದೆಯಿಂದ ಏನೋ ಹೇಳಿದಳು. ಜಪಾನಿ ಚೆನ್ನಾಗಿ ಬಲ್ಲ ಕೋಕಿಲಾ ನೀರಿನಿಂದಲೇ ಅನುವಾದಿಸಿದಳು.

"ಅಕ್ಕಾ, ಟ್ಯಾಟೂ ಮುಚ್ಚೋಕೆ ಸ್ಟಿಕ್ಕರ್ ಹಾಕಿದೀರಾ ಅಂತಿದಾರೆ! ಇಲ್ಲಿ ಜನ ಹಾಗೇ ಚರ್ಮದ ಬಣ್ಣದ್ದು ಅಂಟಿಸ್ಕೊಂಡು ಬರ್ತಾರಂತೆ. ಏನಕ್ಕಾ ಅದು? ಟ್ಯಾಟೂನಾ?"

ಪಾರ್ವತಿಯ ಮುಂದೆ ಎರಡು ದಾರಿಗಳಿದ್ದವು. ಪ್ಯಾಚು ಎಂದರೆ ಉಂಡೆಯ ಬಣ್ಣ ಬಯಲು, ಶಾಲಿಗೆ ಮುಂಚೆಯೇ ಹಾರ್ಮೋನ್ ಅಕ್ಕನ ಪಟ್ಟ ಹೋಯಿತು, ನಲವತ್ತು ಜನ ಮುಗಿದ ಕೈ ಬಿಚ್ಚಿಕೊಳ್ಳುತ್ತಾರೆ. ಹಚ್ಚೆ ಎಂದರೆ ಹೆಚ್ಚೆಂದರೆ ನಾಲ್ಕು ದಿನದ ಮಾತು.

"ಹೂಂ. ಹಚ್ಚೆ" ಎಂದಳು.

"ಏನ್ ಬರೆಸಿದೀರಿ?"

"ನಮ್ಮನೆಯವರ ಹೆಸರು."

ವಿಶಾಲಾಕ್ಷಮ್ಮ ಗೋಡೆಯ ಮೇಲಿಂದಲೇ, "ಗಂಡನ ಹೆಸರನ್ನ ಬಾಯಲ್ಲಿ ಹೇಳೋಕೇ ನಾಚ್ಕೋತಿದ್ವಲ್ಲೇ ನಾವು! ನೀನು ಸೊಂಟದ ಮೇಲೆ ಬರೆಸ್ಕೊಂಡ್ಯಾ?" ಎಂದರು.

"ಅದೂ ಹಿಂದ್ಗಡೆ! ಅವರಿಗೂ ಕಾಣಲ್ಲ, ನಿಮಗೂ ಕಾಣಲ್ಲ" ಎಂದಳು ಜಾಹ್ನವಿ, ಬೋಗುಣಿ ಬಿಡದೆ.

"ಭಕ್ತಿ ಕಾಣೋಕ್ ಇರೋದಲ್ಲ" ಎಂದಳು ಪಾರ್ವತಿ. ಅವಳ ಬಾಯಿಗೆ ಘೋಷಣೆಗಳು ತಾವಾಗಿಯೇ ಬರುತ್ತಿದ್ದವು.

ಮೊರಿತಾ-ಸಾನ್ ಸಣ್ಣ ಹಚ್ಚೆಯಾದ್ದರಿಂದ ಈ ಸಲಕ್ಕೆ ಕ್ಷಮಿಸಿ, ಸ್ನಾನಗೃಹದ್ದೇ ಮುದ್ರೆಯಿದ್ದ ಅಂಗೈಯಗಲದ ಸ್ಟಿಕ್ಕರನ್ನು ಪ್ಯಾಚಿನ ಮೇಲೆ ರಪ್ಪನೆ ಅಂಟಿಸಿದಳು. ಸ್ನಾನ ಮುಗಿದು ಪಾರ್ವತಿ ಅದನ್ನು ಎಳೆದಾಗ, ಬಾಳೆಲೆಗೆ ಕಡುಬು ಅಂಟಿಕೊಂಡು ಬಂದಂತೆ ಪ್ಯಾಚೂ ಬಂತು.

ಹಾಲಿನಲ್ಲಿ ಶಾಲು ಹೊದಿಸಿದರು. ಹೊದಿಸುತ್ತಲೇ ಪಾರ್ವತಿಗೆ ಬುಳುಬುಳು ಬೆವರಿತು. ಕೋಕಿಲಾ ಫೋಟೋ ತೆಗೆದಳು. ಮುಂದಿನ ನಿಮಿಷದಲ್ಲಿ ಇಚಿಕಾವಾ ಕನ್ನಡಿಗರ ದೊಡ್ಡ ಗುಂಪಿನಲ್ಲಿ, "ಗಂಡನ ಹೆಸರನ್ನು ಮೈಮೇಲೆ ಬರೆಸಿಕೊಂಡ ನಮ್ಮ ಹಾರ್ಮೋನ್ ಅಕ್ಕ! ಸಹಜ ಪ್ರೇಮ!" ಎಂಬ ಬರಹ, ಏಳು ಕೆಂಪು ಹೃದಯಗಳು.

ಗಂಡಸರ ಕಡೆಯಿಂದ ಸಿದ್ದಪ್ಪ ಫೋನು ಹಿಡಿದೇ ಬಂದ. ಮುಖದ ಮೇಲಿದ್ದದ್ದು ಸ್ನಾನದ ನೀರೋ ಕಣ್ಣೀರೋ ತಿಳಿಯಲಿಲ್ಲ.

"ಪಾರು... ಮದ್ವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ನಂಗೆ ಗೊತ್ತೇ ಇರ್ಲಿಲ್ಲ."

"ರೀ, ಇಲ್ಲಿ ಬೇಡ, ಮನೇಲ್ ಮಾತಾಡೋಣ."

"ನಾನು ನಿಂಗೆ ಬರ್ತ್‌ಡೇಗೆ ಕುಕ್ಕರ್ ಗ್ಯಾಸ್ಕೆಟ್ ತಂದ್ಕೊಟ್ಟೋನು ಕಣೇ. ನೀನು ಹೆಸರೇ ಬರೆಸ್ಕೊಂಡಿದೀಯ."

"ಮನೇಲ್ ಮಾತಾಡೋಣ ಅಂದ್ನಲ್ರೀ!"

ಮನೆಯಲ್ಲಿ ಮಾತಾಡಲು ಪುರಸೊತ್ತಾಗಲಿಲ್ಲ. ಕಾಲೇಜಿಗೆ ಹೋಗುವ ಮಗಳು ಲಾಸ್ಯಾ ಬಾಗಿಲಲ್ಲೇ ಕಾದಿದ್ದಳು. ಎರಡು ವರ್ಷದಿಂದ ಅವಳು ಹಚ್ಚೆ ಬೇಕೆಂದು ಹಟ ಹಿಡಿದಿದ್ದಳು, ಎರಡು ವರ್ಷದಿಂದ ಪಾರ್ವತಿ ಸೌಟು ತೋರಿಸುತ್ತಿದ್ದಳು.

"ಅಮ್ಮಾ! ಉಸೋ! ಸುಳ್ಳು ತಾನೆ? ಯು ಹ್ಯಾವ್ ಅ ಟ್ಯಾಟೂ? ಆಲ್ ದಿಸ್ ಟೈಮ್?"

ಪಾರ್ವತಿ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಹೊರಗೆ ಬಂದಾಗ ಅಪ್ಪನೂ ಮಗಳೂ ಇರಲಿಲ್ಲ. ಮೇಜಿನ ಮೇಲೆ ಚೀಟಿಯಿತ್ತು: "ಆರು ಗಂಟೆಗೆ ಬರ್ತೀವಿ. ಸರ್ಪ್ರೈಸ್." ಕೇಕು ತರಲು ಹೋಗಿರಬೇಕು ಎಂದುಕೊಂಡು ಪಾರ್ವತಿ ಕ್ಲಿನಿಕ್ಕಿಗೆ ಓಡಿದಳು. ಶನಿವಾರ ಐದಕ್ಕೇ ಮುಚ್ಚುತ್ತದೆ.

ಹೂವಿನ ಪರಾಗ ಹಾರುವ ಕಾಲ, ಎಲ್ಲರ ಮುಖಕ್ಕೂ ಮಾಸ್ಕು. ಕ್ಲಿನಿಕ್ಕಿನಲ್ಲಿ ಇನ್ನೂ ಮೂವರು ಮಾಸ್ಕಿನವರು ಮೂರು ಮೂಲೆಗಳಲ್ಲಿ, ಮ್ಯಾಗಜೀನಿನೊಳಗೆ ತಲೆಯಿಟ್ಟು ಕೂತಿದ್ದರು. ಪಾರ್ವತಿ ನಾಲ್ಕನೆಯ ಮೂಲೆ ಹಿಡಿದಳು. ನರ್ಸ್ ಬಂದು, ಹೆಸರಿನ ತುದಿಗೆ ಮರ್ಯಾದೆಯ 'ಸಾಮಾ' ಸೇರಿಸಿ, ಇಂಪಾದ ದನಿಯಲ್ಲಿ ಕೂಗಿದಳು:

"ಕೋಕಿಲಾ-ಸಾಮಾ!"

ಒಂದು ಮ್ಯಾಗಜೀನು ಕೆಳಗೆ ಬಿತ್ತು.

"ಜಾಹ್ನವಿ-ಸಾಮಾ! ವಿಶಾಲಾಕ್ಷಿ-ಸಾಮಾ! ಪಾರ್ವತಿ-ಸಾಮಾ! ನಾಲ್ವರದೂ ಬಿಸಿನೀರಿನಲ್ಲಿ ಪ್ಯಾಚು ಕಿತ್ತುಬಂದಿದ್ದೇ ತಾನೆ? ಒಟ್ಟಿಗೇ ಒಳಗೆ ಬರುತ್ತೀರಾ?"

ನಾಲ್ಕು ಮಾಸ್ಕುಗಳ ಮೇಲೆ ಎಂಟು ಕಣ್ಣುಗಳು ಒಂದನ್ನೊಂದು ನೋಡಿದವು.

"ನೀನೂನಾ?" ಎಂದಳು ಪಾರ್ವತಿ.

"ಬಾತಲ್ಲಿ ನೋಡಿದ ತಕ್ಷಣ ಗೊತ್ತಾಯ್ತಕ್ಕ" ಎಂದಳು ಕೋಕಿಲಾ. "ಅದೇ ಬಣ್ಣ, ಅದೇ ಸೈಜು. ಆದ್ರೆ ಹೇಗೆ ಬಾಯ್ಬಿಡ್ಲಿ? ನಿಂಗೆ ಹೇಗೆ ಗೊತ್ತು ಅಂತ ಕೇಳ್ತಿರ್ಲಿಲ್ವಾ ನೀವು? ನಾನು ನೀರಿಂದ ಯಾಕೆ ಎದ್ದೇಳ್ಲಿಲ್ಲ ಅಂದ್ಕೊಂಡ್ರಿ?"

"ಮತ್ತೆ ದಿನಾ ಒಯ್ತಿದ್ರಲ್ಲ ಉಂಡೆ?" ಎಂದಳು ಪಾರ್ವತಿ.

"ನಮ್ಮನೆಯವರು ತಿಂತಾರೆ. ನಾಕು ಕೆಜಿ ಜಾಸ್ತಿ ಆಗಿದಾರೆ" ಎಂದಳು ಜಾಹ್ನವಿ.

"ನಂದು ನಿನಗಿಂತ ಮೂರು ವರ್ಷ ಮುಂಚೆಯಿಂದ" ಎಂದರು ವಿಶಾಲಾಕ್ಷಮ್ಮ, ಇಲ್ಲೂ ಹಿರಿತನ ಬಿಟ್ಟುಕೊಡದೆ.

ಪಾರ್ವತಿಗೆ ನಗು ಬಂತು, ಹಗುರವೂ ಆಯಿತು. "ಹಾಗಾದ್ರೆ ಹಚ್ಚೆ ಗಿಚ್ಚೆ ಏನಿಲ್ಲ, ತಮಾಷೆ ಅಂತ ಗ್ರೂಪಲ್ಲಿ ಹಾಕ್ಬಿಡ್ತೀನಿ."

"ಅಯ್ಯೋ ಬೇಡಿ!" ಮೂವರೂ ಒಟ್ಟಿಗೆ ಕೂಗಿದರು. ಕೋಕಿಲಾ ಅವಳ ಕೈ ಹಿಡಿದಳು. "ಹಚ್ಚೆ ಅಲ್ಲ ಅಂದ್ರೆ ಆ ಸ್ಟಿಕ್ಕರ್ ಏನು ಅಂತ ಕೇಳ್ತಾರೆ. ನಿಮ್ದು ಹೊರಗ್ ಬಂದ್ರೆ ನಮ್ಮೆಲ್ಲರದ್ದೂ ಬರುತ್ತೆ. ನಮ್ಮನೇಲಿ ಅತ್ತೆ ಇದಾರೆ. ನಮ್ ಮರ್ಯಾದೆ ಈಗ ನಿಮ್ ಹಚ್ಚೆ ಮೇಲ್ ನಿಂತಿದೆ ಅಕ್ಕ."

ಸರಿ, ಊರಿಗೆ ಹೇಳುವುದು ಬೇಡ, ಗಂಡನಿಗಾದರೂ ನಿಜ ಹೇಳಿಬಿಡೋಣ ಎಂದು ನಿಶ್ಚಯಿಸಿ, ಹೊಸ ಪ್ಯಾಚು ಅಂಟಿಸಿಕೊಂಡು ಪಾರ್ವತಿ ಆರೂಕಾಲಕ್ಕೆ ಮನೆ ಸೇರಿದಳು.

ಸಿದ್ದಪ್ಪ ಸೋಫಾದ ಮೇಲೆ ಬನಿಯನ್ನಿನಲ್ಲಿ ಕೂತಿದ್ದ. ಎಡಗೈಗೆ ಭುಜದಿಂದ ಮೊಣಕೈವರೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿತ್ತು. ಹಾಳೆಯ ಒಳಗೆ, ಕೆಎಸ್ಆರ್‌ಟಿಸಿ ಬಸ್ಸಿನ ಬೋರ್ಡಿನ ದಪ್ಪ ಅಕ್ಷರಗಳಲ್ಲಿ, 'ಪಾರ್ವತಿ'.

"ರೀ... ಇದೇನ್ರೀ ಇಷ್ಟು ದೊಡ್ದು!"

"ಸಣ್ಣದಾಗಿ ಬರೆಸಿದ್ರೆ ಪ್ರೀತಿ ಸಣ್ಣದು ಅಂತಾಗಲ್ವೇನೇ?" ಎಂದ ಸಿದ್ದಪ್ಪ, ನೋವಿಗೆ ಹಲ್ಲು ಕಚ್ಚಿ ನಗುತ್ತ. "ಹಚ್ಚೆ ಹಾಕೋ ಹುಡುಗ ಕೇಳ್ದ, ಇನ್ನು ಬಿಸಿನೀರಿಗೆ ಬಿಡಲ್ಲ, ಪರವಾಗಿಲ್ವಾ ಅಂತ. ತೊಂಬತ್ಮೂರಾಗಿದೆ, ಸಾಕಯ್ಯ, ಬರಿ ಅಂದೆ."

ಮೇಜಿನ ಮೇಲೆ ಮುದ್ರೆಯ ಪುಸ್ತಕ ಮುಚ್ಚಿತ್ತು. ಅದರ ಸುತ್ತ ಒಂದು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ. ಹೇಳಬೇಕೆಂದುಕೊಂಡು ಬಂದಿದ್ದ ನಿಜದ ಜೊತೆಗೆ ಪಾರ್ವತಿ ಪ್ಯಾಚಿನ ಪೊಟ್ಟಣವನ್ನೂ ಕೈಚೀಲದ ತಳಕ್ಕೆ ತಳ್ಳಿದಳು.

"ಈಗ ನಿಂದು ತೋರ್ಸು" ಎಂದ ಅವನು.

"ಇವತ್ತು ಬೇಡ ರೀ. ಬಿಸಿನೀರಿಗೆ ಊದಿದೆ. ನಾಳೆ. ನಾಳೆ ಖಂಡಿತ."

ಅವನು ಕೈ ನೋಡಿಕೊಳ್ಳುತ್ತ ಕೂತಿರುವಾಗ ಪಾರ್ವತಿ ಮಗಳನ್ನು ಅಡುಗೆಮನೆಗೆ ಎಳೆದು, ಬಾಗಿಲು ಹಾಕಿ, ಪಿಸುದನಿಯಲ್ಲಿ ಕೇಳಿದಳು:

"ಆ ಅಂಗಡಿ ನಾಳೆ ಭಾನುವಾರ ತೆಗೆದಿರುತ್ತೇನೇ?"

ತೆಗೆದಿತ್ತು. ಬೆಳಿಗ್ಗೆ ಹತ್ತಕ್ಕೆ ಪಾರ್ವತಿ ಅಲ್ಲಿ ಬೋರಲು ಮಲಗಿದ್ದಳು. ಹುಡುಗ ಸೂಜಿ ತೆಗೆದವನು ಅವಳ ಸೊಂಟದ ಪ್ಯಾಚು ನೋಡಿ, ಈ ಸ್ಟಿಕ್ಕರ್ ನನಗೆ ಗೊತ್ತು, ಹೋದ ವಾರವೂ ನಿಮ್ಮ ಹಾಗೆಯೇ ಒಬ್ಬರು ಕನ್ನಡದವರು ಇದನ್ನೇ ಅಂಟಿಸಿಕೊಂಡು ಬಂದಿದ್ದರು, ಹೆಸರು ಹೇಳಬಾರದು, ಆದರೆ ಅವರು... ಅರೆ, ನೀವ್ಯಾಕೆ ಎದ್ದಿರಿ? ಟೀ ಹಾಗೇ ಇದೆಯಲ್ಲ! ಸೊಂಟದ ಮೇಲೆ ಯಾಕ್ರೀ ಕೈ? ನಾನು ನಿಮ್ಮ ವಿಷಯ ಹೇಳ್ತಾ ಇಲ್ಲ, ಕೂತ್ಕೊಳ್ಳಿ, ಆ ಹುಡುಗ ಹೇಳಿದ್ದೇನಪ್ಪಾ ಅಂದರೆ, ಆ ಹೆಂಗಸು ಬರೆಸಿಕೊಂಡ ಹೆಸರು ಗಂಡನದ್ದಲ್ಲವಂತೆ, ಅದು ಅವರ... ಅಯ್ಯೋ, ಎದ್ದು ಹೋಗೇಬಿಟ್ರಾ?