ಕೇಳಿ ಕಲಿತ ಸ್ವಾಗತ ಗೀತೆ

ಯಾವ ಹಾಡನ್ನಾದರೂ ಬರೀ ಕೇಳಿ ಕಲಿಯಬಲ್ಲೆ ಎಂಬುದರಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ಸಂಶಯವೆಲ್ಲ ನನ್ನ ಹೆಂಡತಿ ಜಯಳಿಗೆ. ಸ್ವರ ಬರೆದಿಟ್ಟುಕೊಂಡು ಹಾಡುವವರು ಪುಸ್ತಕ ನೋಡಿ ಅನ್ನ ಮಾಡುವವರಿದ್ದ ಹಾಗೆ ಎಂದು ನಾನು ಕೊಪ್ಪದ ನಮ್ಮ ಹೈಸ್ಕೂಲಿನಲ್ಲಿ ಹಲವು ಸಲ ಘೋಷಿಸಿದ್ದೇನೆ. ನಾನಲ್ಲಿ ಕನ್ನಡ ಮೇಷ್ಟ್ರು. ಮನೆಯಲ್ಲಿ ಹಾರ್ಮೋನಿಯಂ ಇದೆ. ಶಾಲೆಯ ಪ್ರಾರ್ಥನೆಯಿಂದ ಹಿಡಿದು ಗಣಪತಿ ಪೆಂಡಾಲಿನವರೆಗೆ ಹಾಡಿದ್ದೇನೆ. ಯಾರೂ ಎದ್ದು ಹೋದದ್ದಿಲ್ಲ.

"ಪ್ರಾರ್ಥನೆಗೆ ನಿಂತ ಮಕ್ಕಳು ಎಲ್ಲಿಗೆ ಹೋಗ್ತಾವೆ ಮಾರಾಯ್ರೆ?" ಎಂದು ಜಯ ಕೇಳುತ್ತಾಳೆ. ಇಂಥ ಮಾತಿಗೆ ಕಲಾವಿದರು ಉತ್ತರ ಕೊಡಬಾರದು.

ನಮ್ಮ ಮಗಳು ಸಿಂಧುವಿನ ಮದುವೆ ಘಟ್ಟದ ಕೆಳಗಿನ ನಿತಿನ್ ಜೊತೆ ನಿಶ್ಚಯವಾಯಿತು. ಎಲ್ಲರಿಗೂ ಒಪ್ಪಿಗೆ, ನಿತಿನ್‌ನ ಅಜ್ಜಿಯೊಬ್ಬರನ್ನು ಬಿಟ್ಟು. ಅವರಿಗೆ ತುಳು ಬಿಟ್ಟರೆ ಬೇರೆ ಮಾತು ಅಷ್ಟಕ್ಕಷ್ಟೆ. ಘಟ್ಟದ ಮೇಲಿನ ಹುಡುಗಿ ತನ್ನ ಹತ್ತಿರ ಕೂತು ಎರಡು ಮಾತಾಡುವುದಾದರೂ ಹೇಗೆ ಎಂಬುದು ಅವರ ತಕರಾರು. ನಮ್ಮ ಮೂಲವೋ ನರಸಿಂಹರಾಜಪುರದ ಕಡೆ, ಮನೆಯಲ್ಲಿ ತುಳುವಿನ ಗಾಳಿಯೂ ಬೀಸಿದ್ದಿಲ್ಲ. ಸಿಂಧು ಒಂದು ಸಂಜೆ ಮೆಲ್ಲಗೆ ಹೇಳಿದಳು, "ಅಪ್ಪ, ಆ ಅಜ್ಜಿ ನನ್ನ ಮುಖ ನೋಡಿ ಇನ್ನೂ ಒಂದು ಸಲಾನೂ ನಗಲಿಲ್ಲ."

ನನಗೆ ಅನ್ನ ಸೇರಲಿಲ್ಲ. ಕಲ್ಯಾಣಮಂಟಪದ ಬಾಗಿಲಲ್ಲೇ ಅಜ್ಜಿಯನ್ನು ಅವರ ಭಾಷೆಯ ಹಾಡಿನಿಂದ ಎದುರುಗೊಳ್ಳುವುದೆಂದು ಸಂಕಲ್ಪ ಮಾಡಿದೆ. ನಾನು ಸಂಕಲ್ಪ ಮಾಡಿದೆನೆಂದರೆ ಮುಗಿಯಿತು.

ಹಾಡು ಸಿಂಧುವಿನ ಮೊಬೈಲಿನಲ್ಲೇ ಸಿಕ್ಕಿತು. ತಮ್ಮ ಮನೆಯ ಯಾವುದೋ ಮದುವೆಯಲ್ಲಿ ಹೆಂಗಸರೆಲ್ಲ ಸೇರಿ ಹಾಡಿದ ವೀಡಿಯೊವನ್ನು ನಿತಿನ್ ಅವಳಿಗೆ ಕಳಿಸಿದ್ದ. ಅಜ್ಜಿಗೆ ಆ ಹಾಡೆಂದರೆ ಪ್ರಾಣವಂತೆ. ತೆಗೆದ ಪುಣ್ಯಾತ್ಮರ ಕೈಚಳಕದಿಂದ ವೀಡಿಯೊದಲ್ಲಿ ಕಾಣುವುದು ಫ್ಯಾನು ಮಾತ್ರ. ಧ್ವನಿಯೇನೋ ಇತ್ತು. ಯಾರೋ ಸ್ಟೀಲು ತಟ್ಟೆಯ ಮೇಲೆ ಠಣ್ ಠಣ್ ಎಂದು ತಾಳ ಹಾಕುತ್ತಿದ್ದರು. ಮಗಳಿಗೆ ತಿಳಿಯದಂತೆ ಅದನ್ನು ನನ್ನ ಮೊಬೈಲಿಗೆ ದಾಟಿಸಿಕೊಂಡು, ಅವಳು ಮನೆಯಲ್ಲಿಲ್ಲದ ಹೊತ್ತು ನೋಡಿ ಸಾಧನೆಗೆ ಕೂತೆ.

ಬಷೀರ್ ಭಾಯ್ ನನ್ನ ಸಲಹೆಗಾರರು. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟವರು, ಮದುವೆಗಳಲ್ಲಿ ಕೀಬೋರ್ಡ್ ನುಡಿಸುವವರು. ಎಲ್ಲವನ್ನೂ ಕೇಳಿ ಕಲಿತವರೇ.

"ಮೊದ್ಲು ಬಾಯಿ ಮುಚ್ಚಿ ಕೇಳ್ಬೇಕು ಮೇಷ್ಟ್ರೇ," ಎಂದರು. "ಹಾಡು ಮಂಡೆ ಒಳಗೆ ತಾನಾಗೇ ತಿರುಗೋವರೆಗೆ ಬಾಯಿ ತೆರೀಬಾರ್ದು. ಆಮೇಲೆ ಷಡ್ಜ ಹುಡ್ಕಿ. ಆಮೇಲೆ ಒಂದೊಂದೇ ಸಾಲು."

ಬಾಯಿ ಮುಚ್ಚುವ ಭಾಗ ನನಗೆ ಕಷ್ಟವಾಯಿತು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನಿಷ್ಠೆಯಿಂದ ಮಾಡಿದೆ. ವೇಗವನ್ನು ಅರ್ಧಕ್ಕೆ ಇಳಿಸಿ ಕೇಳಿದೆ, ಅಷ್ಟೂ ಹೆಂಗಸರು ಗಂಡಸರಾದರು. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಹಾರ್ಮೋನಿಯಂನಲ್ಲಿ ಹುಡುಕುವುದು, ಮತ್ತೆ ಹಿಂದಕ್ಕೆ ಹೋಗುವುದು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ನಾನು ಇನ್ನೂ ಗಟ್ಟಿಯಾಗಿ ಹಾಡಿದೆ.

ಉಳಿದದ್ದು ಸಾಹಿತ್ಯ. ತಟ್ಟೆಯ ಸದ್ದಿನ ನಡುವೆ ಪಲ್ಲವಿಯಲ್ಲಿ ಒಂದು ಮಾತು ಮಾತ್ರ ಮತ್ತೆ ಮತ್ತೆ ಕೇಳುತ್ತಿತ್ತು: ಪೋಲೆ, ಪೋಲೆ. ಅರ್ಥ ಯಾರನ್ನು ಕೇಳುವುದು? ಬಸ್‌ಸ್ಟ್ಯಾಂಡಿನ ಹೋಟೆಲಿನವರಿಗೆ ತುಳು ಚೆನ್ನಾಗಿ ಬರುತ್ತದೆ. ಆದರೆ ಅಲ್ಲಿ ಆಡಿದ ಮಾತು ಕಾಫಿ ತಣ್ಣಗಾಗುವುದರೊಳಗೆ ಘಟ್ಟ ಇಳಿದಿರುತ್ತದೆ, ಗುಟ್ಟು ಉಳಿಯುವುದಿಲ್ಲ. ಕನ್ನಡ ಎಂ.ಎ. ಮಾಡಿದವನು ನಾನು, ಸ್ವತಃ ವಿಚಾರ ಮಾಡಿದೆ. ಓಲೆ ಎಂದರೆ ಪತ್ರ, ಕರೆಯೋಲೆ. ಪೋಲೆ ಎಂದರೆ ಅದೇ ಓಲೆ, ಪಕಾರ ಪ್ರೀತಿಗೆ ಬಂದು ಸೇರಿದೆ. ಮದುವೆಮನೆಯಲ್ಲಿ ಕರೆಯುವ ಹಾಡಲ್ಲದೆ ಇನ್ನೇನು ಹಾಡುತ್ತಾರೆ?

"ರೀ, ಅರ್ಥ ಯಾರ ಹತ್ರಾದ್ರೂ ಕೇಳಿ," ಎಂದಳು ಜಯ.

"ಸಂಗೀತಕ್ಕೆ ಭಾಷೆಯ ಹಂಗಿಲ್ಲ."

"ನಮ್ಮ ಮರ್ಯಾದೆಗೆ ಇದೆಯಲ್ಲ."

ಮದುವೆಯ ದಿನ ದಿಬ್ಬಣದ ಗಾಡಿಗಳು ಕೆರೆಕಟ್ಟೆಯ ತಿರುವುಗಳನ್ನೆಲ್ಲ ಹತ್ತಿ, ಶೃಂಗೇರಿ ದಾಟಿ ಬಂದು ನಿಂತವು. ಮುಂದಿನ ಗಾಡಿಯಲ್ಲಿ ಅಜ್ಜಿ. ವಾಂತಿ ಬಾರದಿರಲೆಂದು ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡಿದ್ದರು. ಬಾಗಿಲು ತೆರೆಯಿತು. ಅಜ್ಜಿ ಒಂದು ಕಾಲು ಕೆಳಗಿಟ್ಟರು. ನಾನು ಬಾಗಿಲ ಪಕ್ಕ ಕೀಬೋರ್ಡ್ ಹಿಡಿದು ಕಾದಿದ್ದ ಬಷೀರ್ ಭಾಯ್‌ಗೆ ಸನ್ನೆ ಮಾಡಿ, ಕೈ ಮುಗಿದು, ನಗುನಗುತ್ತಾ, ಮಂಟಪ ನಡುಗುವಂತೆ ಎತ್ತಿಕೊಂಡೆ: ಪೋಲೆ, ಪೋಲೆ!

ಅಜ್ಜಿ ನಿಂಬೆಹಣ್ಣು ಕೆಳಗಿಳಿಸಿದರು. ಕಣ್ಣು ದೊಡ್ಡದಾಯಿತು. ತವರಿನ ಭಾಷೆ ಕೇಳಿ ಭಾವುಕರಾದರು ಎಂದುಕೊಂಡು ನಾನು ಶ್ರುತಿ ಏರಿಸಿದೆ, ಎರಡೂ ಕೈ ಬೀಸಿ ಅಭಿನಯವನ್ನೂ ಸೇರಿಸಿದೆ. ಕೈ ಬೀಸಿದ್ದು ರಸ್ತೆಯ ಕಡೆಗೆ. ಅಜ್ಜಿ ಇಟ್ಟ ಕಾಲನ್ನು ಒಳಗೆಳೆದುಕೊಂಡರು. ಡ್ರೈವರ್‌ಗೆ ಏನೋ ಹೇಳಿದರು. ಅವನು ಗಾಡಿ ಸ್ಟಾರ್ಟ್ ಮಾಡಿದ!

ನಿತಿನ್ ಪೇಟ ಹಿಡಿದುಕೊಂಡು ಓಡಿಬಂದ. "ಮಾವ, ನಿಲ್ಸಿ ನಿಲ್ಸಿ."

"ಚರಣ ಬಾಕಿ ಇದೆ," ಎಂದೆ.

"ಮಾವ, ಪೋಲೆ ಅಂದ್ರೆ ಹೋಗಿ ಅಂತ."

ಅದು ಮದುಮಗಳನ್ನು ಕಳಿಸಿಕೊಡುವಾಗ ಹಾಡುವ ಹಾಡಂತೆ. ನಿಜವಾದ ಮಾತು 'ಪೋದು ಬಲೆ', ಅಂದರೆ ಹೋಗಿ ಬನ್ನಿ. ಪ್ರತಿ ಸಲವೂ ತಟ್ಟೆಯ ಠಣ್ ಸರಿಯಾಗಿ ನಡುವಿನ ಎರಡು ಅಕ್ಷರಗಳ ಮೇಲೆ ಬಿದ್ದು, ಪೋ ಮತ್ತು ಲೆ ಮಾತ್ರ ನನ್ನ ಪಾಲಿಗೆ ಉಳಿದಿದ್ದವು. ನಮ್ಮಲ್ಲಿ ಹೊರಟು ನಿಂತವರಿಗೂ ಹೋಗಿ ಎನ್ನುವುದಿಲ್ಲ, ಹೋಗಿ ಬನ್ನಿ ಎನ್ನುತ್ತೇವೆ. ನಾನು ಬಂದ ಬೀಗರಿಗೆ ಬಾಗಿಲಲ್ಲೇ, ಅದೂ ಕೀಬೋರ್ಡ್ ಸಮೇತ, ಹೋಗಿ ಎಂದಿದ್ದೆ. ಹಳಗನ್ನಡದ 'ಪೋಗು' ಹೊಸಗನ್ನಡದಲ್ಲಿ 'ಹೋಗು' ಆಯಿತೆಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನೂ ನಾನೇ.

ಜಯ ಗಾಡಿಯ ಹತ್ತಿರ ಹೋಗಿ ಅಜ್ಜಿಯ ಕೈ ಹಿಡಿದು, "ಬನ್ನಿ ಅಮ್ಮ, ಮೊದ್ಲು ಬೆಲ್ಲ ನೀರು ಕುಡೀರಿ," ಎಂದಳು. ಅಜ್ಜಿ ಇಳಿದರು. ಆದರೆ ಧಾರೆ ಮುಗಿಯುವವರೆಗೂ ಅವರ ಮುಖ ಸಡಿಲಾಗಲಿಲ್ಲ. ಸಿಂಧು ಮಂಟಪದಿಂದ ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ಮಗಳಿಗೆ ಒಳ್ಳೆಯದಾಗಲೆಂದು ಹೊರಟವನು ಅವಳು ಹೋಗಬೇಕಾದ ಮನೆಯ ಬಾಗಿಲಿಗೇ ಮುಳ್ಳು ಹಾಕಿದ್ದೆ. ಮಧ್ಯಾಹ್ನ ಪೂರ್ತಿ ಊಟದ ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುತ್ತಾ, ಇನ್ನು ಬಾಯಿ ತೆರೆಯುವುದಿಲ್ಲ ಎಂದು ಹೊಸ ಸಂಕಲ್ಪ ಮಾಡಿದೆ.

ಹೆಣ್ಣನ್ನು ಕಳಿಸಿಕೊಡುವ ಹೊತ್ತಾಯಿತು. ಅಜ್ಜಿ ನೇರ ನನ್ನ ಬಳಿಗೇ ಬಂದು ಏನೋ ಅಂದರು.

"ಈಗ ಹಾಡ್ಬೇಕಂತೆ ಮಾವ," ಎಂದ ನಿತಿನ್. "ಈಗ ಸರಿ ಆಗ್ತದಂತೆ."

ಸುತ್ತ ಎಲ್ಲರೂ ನಕ್ಕರು. ಬಷೀರ್ ಭಾಯ್ ಶ್ರುತಿ ಕೊಟ್ಟರು. ಈಗ ನನಗೆ ಮಾತೂ ಗೊತ್ತು, ಅರ್ಥವೂ ಗೊತ್ತು. ಸಿಂಧು ಕಾರಿನ ಬಾಗಿಲು ಹಿಡಿದು ನಿಂತಿದ್ದಳು. 'ಪೋ' ಎನ್ನಲು ಬಾಯಿ ತೆರೆದೆ, ದನಿ ಬರಲಿಲ್ಲ. ಇನ್ನೊಮ್ಮೆ ತೆರೆದೆ, ಅಳು ಬಂತು.

ಅಜ್ಜಿ ಹೆಣ್ಣಿನ ಕಡೆಯವರ ಸಾಲಿಗೆ ಬಂದು ನಿಂತು, ಜಯಳ ಕೈ ಹಿಡಿದುಕೊಂಡು, ನಡುಗುವ ದನಿಯಲ್ಲಿ ತಾವೇ ಹಾಡಿದರು: ಪೋದು ಬಲೆ. ಕರೆದುಕೊಂಡು ಹೋಗುವವರೇ ನಮ್ಮ ಪರವಾಗಿ ನಿಂತು, ಹೋಗಿ ಬಾ ಎಂದು ನಮ್ಮ ಹುಡುಗಿಗೆ ಹೇಳುತ್ತಿದ್ದರು. ಸಿಂಧು ಓಡಿಬಂದು ಅವರನ್ನು ತಬ್ಬಿಕೊಂಡಳು. ಅಜ್ಜಿ ಅವಳ ಗಲ್ಲ ಹಿಡಿದು ನಕ್ಕರು. ನನಗೆ ಅಷ್ಟೇ ಬೇಕಿತ್ತು.

ಕಣ್ಣೊರೆಸಿಕೊಳ್ಳುವಾಗ ಒಂದು ವಿಷಯ ಗಮನಕ್ಕೆ ಬಂತು. ಅಜ್ಜಿಯ ರಾಗವೇ ಬೇರೆ, ನಾನು ಕಲಿತ ರಾಗವೇ ಬೇರೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ನಿತಿನ್‌ನ ಸೋದರತ್ತೆ ಹಾಡಿಗೆ ದನಿ ಸೇರಿಸಿದರು. ಅದು ಸಾಕ್ಷಾತ್ ನನ್ನ ರಾಗ! ವೀಡಿಯೊದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಈ ದನಿಯೇ, ನಾನು ಹಿಡಿದದ್ದು ಅದನ್ನೇ. ಗುರುಗಳು ಸಿಕ್ಕ ಸಂತೋಷಕ್ಕೆ ಹೋದ ದನಿ ತಿರುಗಿ ಬಂತು. ನಾನೂ ಎತ್ತಿಕೊಂಡೆ.

ಅಜ್ಜಿ ಹಾಡು ನಿಲ್ಲಿಸಿದರು. ನಮ್ಮಿಬ್ಬರ ಕಡೆಗೂ ತಿರುಗಿ ತುಟಿಯ ಮೇಲೆ ಬೆರಳಿಟ್ಟು, "ಮನಿಪೊಡ್ಚಿ," ಎಂದರು.

ಅದರ ಅರ್ಥ ನಾನು ಯಾರನ್ನೂ ಕೇಳಲಿಲ್ಲ.