ತಲುಪಿದ ಮೇಲೆ ಫೋನ್ ಮಾಡಿ

ನಮ್ಮ ದೊಡ್ಡಪ್ಪನನ್ನು ಕಂಡರೆ ಗಡಿಯಾಚೆಯ ಶತ್ರುಗಳು ಹೆದರುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನ ಜೇಬುಗಳ್ಳರು ಹೆದರುತ್ತಿದ್ದರು ಎಂದು ಅವರೇ ಹೇಳುತ್ತಿದ್ದರು. ಜೇಬುಗಳ್ಳರನ್ನು ವಿಚಾರಿಸಿ ನೋಡುವ ಅವಕಾಶ ನಮಗೆ ಒದಗಲಿಲ್ಲ. ಆದರೆ ನೆಂಟರು ಹೆದರುತ್ತಿದ್ದರು ಎಂಬುದಕ್ಕೆ ನಾನೇ ಸಾಕ್ಷಿ! ಹಾಗೆಂದು ಅವರು ಬೈಯುವವರಲ್ಲ, ಗದರುವವರಲ್ಲ. ವಿಜಯನಗರದ ಅವರ ಮನೆಗೆ ಹೋದರೆ ಮೊದಲು ಕಾಫಿ, ಆಮೇಲೆ ಊಟ, ಅದಾದ ಮೇಲೆ ಇನ್ನೊಂದು ಕಾಫಿ. ಭಯವೆಲ್ಲ ಇದ್ದದ್ದು ಅಲ್ಲಿಂದ ಹೊರಡುವಾಗ.

ಹುಡುಗನಾಗಿದ್ದಾಗಲೇ ಸೈನ್ಯಕ್ಕೆ ಸೇರಿ, ಅಲ್ಲಿಂದ ಬಂದ ಮೇಲೆ ಮಾಜಿ ಸೈನಿಕರ ಕೋಟಾದಲ್ಲಿ ಪೊಲೀಸಾಗಿ, ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು ಅವರು. ಎರಡು ಸಮವಸ್ತ್ರಗಳ ನಡುವೆ ಬೆಳೆದ ಅಭ್ಯಾಸಗಳು ಒಂದೆರಡೇ? ಮನೆಗೆ ಯಾರೇ ಬರಲಿ, ಅವರು ಒಳಗೆ ಹೋಗಿ ಕುಳಿತ ಕೂಡಲೇ ಇವರು ಹೊರಗೆ ಬಂದು ಅವರ ಚಪ್ಪಲಿಗಳನ್ನು ರಸ್ತೆಯ ಕಡೆಗೆ ಮುಖ ಮಾಡಿ ಸಾಲಾಗಿ ನಿಲ್ಲಿಸುತ್ತಿದ್ದರು. ಯಾಕೆ ಎಂದು ನಾನೊಮ್ಮೆ ಕೇಳಿದೆ.

"ಎಮರ್ಜೆನ್ಸಿ ಬಂದ್ರೆ ಚಪ್ಪಲಿ ಹುಡುಕ್ತಾ ಕೂತ್ಕೊಳೋ ಹಾಗಿರ್ಬಾರ್ದು."

"ವಿಜಯನಗರದಲ್ಲಿ ಏನು ದೊಡ್ಡಪ್ಪ ಎಮರ್ಜೆನ್ಸಿ?"

"ನಿಮ್ಮ ದೊಡ್ಡಮ್ಮ ಉಪ್ಪಿಟ್ಟು ಮಾಡ್ತಾ ಇದಾಳೆ."

"ಕೇಳಿಸ್ತು!" ಎಂದಿತು ಅಡುಗೆಮನೆ.

ಯುದ್ಧದ ಕಥೆ ಹೇಳಿ ಎಂದು ಮಕ್ಕಳು ಪೀಡಿಸಿದರೆ ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಕಥೆ. ಅವರ ಅಮ್ಮ ಊರಿಂದ ರಾಗಿಹಿಟ್ಟು ಪಾರ್ಸೆಲ್ ಕಳಿಸಿದ್ದರಂತೆ. ಹಿಮದ ಬೆಟ್ಟದ ಮೇಲೆ ಇವರು ಹೇಗೋ ಮುದ್ದೆ ಕಟ್ಟಿದರಂತೆ. ಸಾರು ಬಿಸಿಯಾಗುವಷ್ಟರಲ್ಲಿ ಮುದ್ದೆ ಕಲ್ಲಾಗಿತ್ತಂತೆ. ಜೊತೆಯಲ್ಲಿದ್ದ ಪಂಜಾಬಿನವನು ಅದನ್ನು ಕೈಯಲ್ಲಿ ತೂಗಿ ನೋಡಿ, "ಇದನ್ನ ಯಾವ ತೋಪಿಗೆ ಹಾಕ್ತಾರೆ?" ಎಂದನಂತೆ. ಮಕ್ಕಳು ನಗುತ್ತಿದ್ದರು. ದೊಡ್ಡಪ್ಪನ ಯುದ್ಧ ಅಲ್ಲಿಗೆ ಮುಗಿಯುತ್ತಿತ್ತು.

ಇನ್ನೊಂದು ವಿಚಿತ್ರ ಕೇಳಿ. ಅವರು ಯಾರ ಮನೆಗೆ ಹೋದರೂ ಬೆಲ್ ಒತ್ತುತ್ತಿರಲಿಲ್ಲ, ಬಾಗಿಲು ತಟ್ಟುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು: "ನಾನು ಕಣಮ್ಮಾ! ದೊಡ್ಡಪ್ಪ! ಏನೂ ಆಗಿಲ್ಲ! ಸುಮ್ನೆ ಬಂದೆ!" ನಮ್ಮ ಕೆಂಗೇರಿಯ ಬೀದಿಯಲ್ಲಿ ಮೊದಲ ಸಲ ಹೀಗೆ ಕೂಗಿದಾಗ ಎದುರು ಮನೆಯವರು, ಪಕ್ಕದ ಮನೆಯವರು ಎಲ್ಲ ಹೊರಗೆ ಬಂದರು. ಏನೂ ಆಗಿಲ್ಲ ಎಂದು ಒಬ್ಬ ಮನುಷ್ಯ ಅಷ್ಟು ಜೋರಾಗಿ ಕೂಗುತ್ತಿದ್ದಾನೆ ಎಂದರೆ ಏನೋ ಆಗಿರಲೇಬೇಕಲ್ಲ!

ಈಗ ಹೊರಡುವ ವಿಷಯಕ್ಕೆ ಬರೋಣ. "ಹೋಗಿ ಬರ್ತೀವಿ" ಎಂದು ಎದ್ದು ನಿಂತಿರೋ, ದೊಡ್ಡಪ್ಪನ ಪ್ರಶ್ನೆ ಸಿದ್ಧ: "ಎಷ್ಟ್ ಹೊತ್ತಿಗೆ ತಲುಪ್ತೀರ?" ನೀವು ಏನೋ ಒಂದು ಹೊತ್ತು ಹೇಳುತ್ತೀರಿ. "ಸರಿ, ತಲುಪಿದ ಮೇಲೆ ಫೋನ್ ಮಾಡಿ." ಎಲ್ಲರೂ ಎಲ್ಲರಿಗೂ ಹೇಳುವ ಮಾತು ತಾನೇ ಅಂದುಕೊಂಡಿರಾ? ಅಲ್ಲೇ ನೀವು ಕೆಟ್ಟಿರಿ! ನೀವು ಅತ್ತ ಹೋದ ಮೇಲೆ ಅವರು ಹಾಲಿನ ಮೂಲೆಯಲ್ಲಿದ್ದ ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತುಬಿಡುತ್ತಿದ್ದರು. ಊರವರೆಲ್ಲ ಲ್ಯಾಂಡ್‌ಲೈನ್ ಕಿತ್ತು ಹಾಕಿದರೂ ಅವರು ಹಾಕಲಿಲ್ಲ. ಕೊನೆಯ ನೆಂಟರ ಫೋನ್ ಬರುವ ತನಕ ರಾತ್ರಿಯ ಊಟವಿಲ್ಲ. ಅದರಲ್ಲೂ ಸಕ್ಕರೆ ಕಾಯಿಲೆಯ ಮನುಷ್ಯ! ಬಡಿಸಿದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ದೊಡ್ಡಮ್ಮ ಒದ್ದಾಡುತ್ತಿದ್ದರು. ಅವರು ಅಡುಗೆಮನೆಯಿಂದ ಮೊಬೈಲಿನಲ್ಲಿ ನಮಗೆ ಗುಟ್ಟಾಗಿ ಫೋನ್ ಮಾಡುತ್ತಿದ್ದುದೂ ಉಂಟು: "ಎಲ್ಲಿದೀಯೇ? ಬೇಗ ತಲುಪೇ ತಾಯಿ. ಸಾರು ಮತ್ತೆ ಬಿಸಿ ಮಾಡ್ತಾ ಇದೀನಿ, ಇನ್ನು ಮಾಡಿದ್ರೆ ಗೊಜ್ಜಾಗತ್ತೆ."

ಹೇರೋಹಳ್ಳಿಯಲ್ಲಿರುವ ನಮ್ಮತ್ತೆ, ಅಂದರೆ ಅವರ ಸ್ವಂತ ತಂಗಿ, ಇದಕ್ಕೊಂದು ಉಪಾಯ ಕಂಡುಹಿಡಿದರು. ಹೇರೋಹಳ್ಳಿಯ ರಸ್ತೆಗಳ ಕೃಪೆಯಿಂದ ಅವರು ಯಾವಾಗ ತಲುಪುತ್ತಾರೆ ಎಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಅಣ್ಣ ಪಾಪ ಉಪವಾಸ ಕೂರುವುದು ಬೇಡ ಎಂದು ಬಸ್ಸಿನಿಂದಲೇ ಫೋನ್ ಮಾಡಿ, "ತಲುಪಿದೆ ಕಣಣ್ಣ, ಕಾಲು ತೊಳ್ಕೊಂಡು ಕೂತಿದೀನಿ" ಎಂದರು.

"ಹೌದಾ? ಸಂತೋಷ," ಎಂದರು ದೊಡ್ಡಪ್ಪ. "ನಿಮ್ಮನೆ ಹಾಲಲ್ಲಿ ಕಂಡಕ್ಟರ್ ಯಾಕೆ ಸೀಟಿ ಊದ್ತಾ ಇದಾನೆ?"

ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರನ್ನೂ ಬಿಡಲಿಲ್ಲ. ದಕ್ಷಿಣೆ ಕೊಟ್ಟು, ನಮಸ್ಕಾರ ಮಾಡಿ, ತಲುಪಿದ ಮೇಲೆ ಫೋನ್ ಮಾಡಿ ಎಂದರು. ಪುರೋಹಿತರು ನಕ್ಕು, "ಎಲ್ಲಾ ಆ ಸ್ವಾಮಿ ನೋಡ್ಕೋತಾನೆ ಬಿಡಿ ಸಾರ್" ಎಂದರು.

"ಸ್ವಾಮಿ ನೋಡ್ಕೋತಾನೆ, ಆದ್ರೆ ಸ್ವಾಮಿ ಫೋನ್ ಮಾಡಲ್ವಲ್ಲ. ಅದನ್ನ ನೀವು ಮಾಡಿ."

ಇವೆಲ್ಲಕ್ಕೂ ಕಿರೀಟವಿಟ್ಟದ್ದು ಅಳಿಯನ ಪ್ರಕರಣ. ಮಗಳ ಮದುವೆಯಾಗಿ, ಹೊಸ ದಂಪತಿ ಮಡಿಕೇರಿಗೆ ಹೊರಟರು. ಅಳಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೃದು ಸ್ವಭಾವದ ಹುಡುಗ. ಹೊಸ ಮಾವನ ನಿಯಮಗಳು ಅವನಿಗೇನು ಗೊತ್ತು? ಮಗಳಿಗೆ ಗೊತ್ತಿತ್ತು, ಆದರೆ ಮಂಜು ನೋಡುವ ಸಂಭ್ರಮದಲ್ಲಿ ಅವಳೂ ಮರೆತಳು. ಸಂಜೆ ಲಾಡ್ಜಿನ ರಿಸೆಪ್ಷನ್ನಿನಲ್ಲಿ ಇಬ್ಬರೂ ಕಾಫಿ ಕುಡಿಯುತ್ತಿದ್ದಾಗ ಕಾನ್‌ಸ್ಟೇಬಲ್ ಒಬ್ಬರು ಬಂದು ಅಳಿಯನ ಹೆಸರು ಹಿಡಿದು ಕೇಳಿದರು. ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟು ತಿರುಗಿದರು. ಅಳಿಯ ಲೋಟ ಹಿಡಿದುಕೊಂಡೇ ಎದ್ದು ನಿಂತ. ಕಾನ್‌ಸ್ಟೇಬಲ್ ಸೆಲ್ಯೂಟ್ ಹೊಡೆದು, "ಸಾರ್, ತಲುಪಿದ್ರಾ ಅಂತ ನಿಮ್ಮ ಮಾವನೋರು ಕೇಳಿದ್ರು" ಎಂದರು.

"ಅರೆಸ್ಟ್ ಮಾಡಿ ಕರ್ಕೊಂಡು ಹೋಗಿದ್ರೂ ಇಷ್ಟು ನಾಚಿಕೆ ಆಗ್ತಿರ್ಲಿಲ್ಲ" ಎಂದು ಆತ ಇವತ್ತಿಗೂ ಹೇಳುತ್ತಾನೆ.

ಇಷ್ಟೆಲ್ಲ ನಗುತ್ತಿದ್ದ ನಮಗೆ ಇದರ ಬೇರು ಎಲ್ಲಿದೆ ಎಂದು ತಿಳಿದದ್ದು ಒಂದು ಮಳೆಯ ಭಾನುವಾರ. ಅವರ ಮನೆಯಿಂದ ಹೊರಟ ನಾನು ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತುವಾಗಲೇ ನನ್ನ ಫೋನಿನ ಚಾರ್ಜ್ ಮುಗಿದಿತ್ತು. ಕೆಂಗೇರಿಯಲ್ಲಿ ಇಳಿದರೆ ಜಡಿಮಳೆ, ಎಷ್ಟು ಕಾದರೂ ಆಟೋ ಇಲ್ಲ. ನೆನೆದುಕೊಂಡು ಮನೆ ಸೇರಿ, ಫೋನನ್ನು ಚಾರ್ಜಿಗೆ ಹಾಕಿ, ತಲೆ ಒರೆಸಿಕೊಳ್ಳುತ್ತಿದ್ದೆ. ಆಗ ಗೇಟಿನ ಹತ್ತಿರ ಆ ಕೂಗು: "ನಾನು ಕಣಮ್ಮಾ! ಏನೂ ಆಗಿಲ್ಲ!"

ರೇನ್‌ಕೋಟಿನಿಂದ ನೀರು ಸುರಿಸುತ್ತಾ, ಆ ವಯಸ್ಸಿನಲ್ಲಿ, ಆ ಹಳೇ ಸ್ಕೂಟರಿನಲ್ಲಿ ವಿಜಯನಗರದಿಂದ ಬಂದಿದ್ದರು. ನನ್ನ ಮುಖ ನೋಡಿದವರೇ, "ತಲುಪಿದೀಯಲ್ಲ, ಸಾಕು, ಬರ್ತೀನಿ" ಎಂದು ತಿರುಗಿದರು. ನನಗೆ ನಿಜಕ್ಕೂ ಸಿಟ್ಟು ಬಂತು. ಕೈ ಹಿಡಿದು ಎಳೆದುಕೊಂಡು ಬಂದು ಕೂರಿಸಿದೆ.

"ಏನ್ ದೊಡ್ಡಪ್ಪ ಇದು? ಜಾರಿ ಬಿದ್ದಿದ್ರೆ? ನಾನೇನು ಚಿಕ್ಕ ಮಗುನಾ?"

ನಾನು ಕೊಟ್ಟ ಕಾಫಿ ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸ್ಟೇಷನ್ನಲ್ಲಿ ಆಕ್ಸಿಡೆಂಟ್ ಕೇಸ್ ಬಂದ್ರೆ ಮನೆಯವ್ರಿಗೆ ಹೇಳೋಕೆ ನನ್ನೇ ಕಳಿಸ್ತಿದ್ರಮ್ಮ. ಮಿಲಿಟರಿಲಿದ್ದೋನು, ಗಟ್ಟಿ ಮನುಷ್ಯ, ಇವನೇ ಹೋಗ್ಲಿ ಅಂತ. ಹೋಗಿ ಬಾಗಿಲು ತಟ್ತೀನಲ್ಲ, ಒಳಗಿಂದ ಏನ್ ಕೇಳ್ತಾರೆ ಗೊತ್ತಾ? ಯಾರು ಅಂತ ಕೇಳಲ್ಲ. 'ಬಂದ್ರಾ? ಯಾಕಿಷ್ಟು ಲೇಟು?' ಅಂತಾರೆ. ಬಾಗಿಲು ತೆಗೀತಾರೆ. ಹಿಂದ್ಗಡೆ ತಟ್ಟೆ ಮುಚ್ಚಿಟ್ಟಿರತ್ತೆ." ಒಂದು ಗುಟುಕು ಕುಡಿದರು. "ಗಟ್ಟಿ ಮನುಷ್ಯ ಏನೂ ಅಲ್ಲ ಕಣಮ್ಮ ನಾನು. ತಲುಪಿದೆ ಅಂತ ನೀವು ಅಂದ್ರೆ ಆ ತಟ್ಟೆ ಮರ್ತುಹೋಗತ್ತೆ, ಅಷ್ಟೇ."

ಅವತ್ತಿನಿಂದ ನಮ್ಮ ಮನೆತನದಲ್ಲಿ ಯಾರೂ ಫೋನ್ ಮಾಡುವುದನ್ನು ಮರೆಯಲಿಲ್ಲ. ಹೇರೋಹಳ್ಳಿಯ ಅತ್ತೆ ಕೂಡ ನಿಜವಾಗಿ ಕಾಲು ತೊಳೆದುಕೊಂಡೇ ಫೋನ್ ಮಾಡತೊಡಗಿದರು.

ಹೋದ ವರ್ಷ ಒಂದು ಬೆಳಿಗ್ಗೆ ದೊಡ್ಡಪ್ಪ ಜಗಲಿಯಲ್ಲಿ ಕುಳಿತು ಶೂ ಪಾಲಿಶ್ ಮಾಡುತ್ತಿದ್ದರು. ಒಂದು ಕಾಲಿನದು ಮುಗಿದಿತ್ತು. ಹಾಗೆಯೇ ಗೋಡೆಗೆ ಒರಗಿದರು, ಅಷ್ಟೇ. ದೊಡ್ಡಮ್ಮ ಕಾಫಿ ತರುವಷ್ಟರಲ್ಲಿ ಹೊರಟುಹೋಗಿದ್ದರು. ಎಲ್ಲಿಗೆ, ಎಷ್ಟು ಹೊತ್ತಿಗೆ ತಲುಪುತ್ತೇನೆ, ಒಂದನ್ನೂ ಹೇಳದೆ!

ಮನೆ ತುಂಬ ಜನ. ಸೈನ್ಯದಲ್ಲಿ ಜೊತೆಗಿದ್ದ ಇಬ್ಬರು ಮುದುಕರು ಬಂದು, ಬೆನ್ನು ನೆಟ್ಟಗೆ ಮಾಡಿಕೊಂಡು ಸೆಲ್ಯೂಟ್ ಹೊಡೆದರು. ಪುರೋಹಿತರು ಬಂದು ಗೇಟಿನ ಹತ್ತಿರ ನಿಂತಿದ್ದು ಹೋದರು. ಬಾಗಿಲ ಮುಂದೆ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ನಾನು ನೋಡುತ್ತಿದ್ದ ಹಾಗೇ ಬ್ಯಾಂಕಿನ ಅಳಿಯ ಕುಕ್ಕರಗಾಲಲ್ಲಿ ಕುಳಿತು ಅವನ್ನೆಲ್ಲ ರಸ್ತೆಯ ಕಡೆಗೆ ಮುಖ ಮಾಡಿ ಸಾಲಾಗಿ ಇಡತೊಡಗಿದ. ಬೆಳಿಗ್ಗೆಯಿಂದ ತಡೆದುಕೊಂಡಿದ್ದ ನನಗೆ ಅಳು ಬಂದದ್ದು ಆಗ.

ಎಲ್ಲ ಮುಗಿದು ಸಂಜೆ ಒಬ್ಬೊಬ್ಬರೇ ಹೊರಟರು. ಸಾವಿನ ಮನೆಯಲ್ಲಿ ಹೋಗಿ ಬರ್ತೀವಿ ಎನ್ನಬಾರದಲ್ಲ, ಹಾಗಾಗಿ ಏನೂ ಹೇಳದೆ ತಲೆ ತಗ್ಗಿಸಿಕೊಂಡು ಎದ್ದು ಹೋಗಬೇಕು. ಎಷ್ಟು ಹೊತ್ತಿಗೆ ತಲುಪ್ತೀರ ಎಂದು ಕೇಳುವವರೂ ಇರಲಿಲ್ಲ. ದೊಡ್ಡಮ್ಮ ಫೋನಿನ ಪಕ್ಕದ ಆ ಕುರ್ಚಿಯಲ್ಲೇ ಕುಳಿತಿದ್ದರು. "ಬೆಳಿಗ್ಗೆಯಿಂದ ಅಮ್ಮ ಒಂದು ತುತ್ತೂ ಮುಟ್ಟಿಲ್ಲ ಕಣೇ" ಎಂದು ಅವರ ಮಗಳು ನನ್ನ ಕಿವಿಯಲ್ಲಿ ಹೇಳಿದಳು. ಪಕ್ಕದ ಮನೆಯವರು ಕಳಿಸಿದ್ದ ಅನ್ನವನ್ನು ಅವಳು ತಟ್ಟೆಗೆ ಬಡಿಸಿ, ಮುಚ್ಚಿ, ಪಕ್ಕದಲ್ಲೇ ಇಟ್ಟಿದ್ದಳು.

ಮನೆಗೆ ಬಂದು ಸ್ನಾನ ಮುಗಿಸಿದ ಮೇಲೆ ನನ್ನ ಕೈ ತಾನಾಗಿಯೇ ಫೋನ್ ಎತ್ತಿಕೊಂಡಿತು. ಯಾರಿಗೆ ಮಾಡಲಿ? ಇವತ್ತೂ ಮಾಡುವುದು ಸರಿಯೇ? ಆದದ್ದಾಗಲಿ ಎಂದು ಅದೇ ನಂಬರ್ ಒತ್ತಿದೆ. ಲೈನ್ ಎಂಗೇಜ್. ಸ್ವಲ್ಪ ಬಿಟ್ಟು ಮತ್ತೆ ಮಾಡಿದೆ. ಆಗಲೂ ಎಂಗೇಜ್. ಬಹಳ ಹೊತ್ತಿನ ಮೇಲೆ ರಿಂಗಾಯಿತು. ದೊಡ್ಡಮ್ಮನೇ ಎತ್ತಿಕೊಂಡರು.

"ದೊಡ್ಡಮ್ಮ, ತಲುಪಿದೆ."

"ತಲುಪಿದ್ಯೇನಮ್ಮ? ಹೇರೋಹಳ್ಳಿಯವ್ರು ಮಾಡಿದ್ರು. ಆ ಮಿಲಿಟರಿಯವ್ರಿಬ್ರೂ ಮಾಡಿದ್ರು. ಪುರೋಹಿತರೂ ಮಾಡಿದ್ರು ಕಣೇ. ನೀನೇ ಕೊನೆ. ಎಲ್ಲಾರ್ದೂ ಬಂತು. ಅವರದೊಂದು ಬರ್ಲಿಲ್ಲ ನೋಡು."

ದೊಡ್ಡಪ್ಪನ ಎದುರಿಗೆ ಯಾರೂ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ಆದರೂ ಹೇಳಿದೆ.

"ತಲುಪಿದಾರೆ ದೊಡ್ಡಮ್ಮ. ನೀವು ಊಟ ಮಾಡಿ."

ಆ ಕಡೆಯಿಂದ, ಮುಚ್ಚಿದ್ದ ತಟ್ಟೆ ಎತ್ತಿದ ಸದ್ದು ಕೇಳಿಸಿತು.